ಸ್ಟೀರಿಯೋಗೆ ಒಂದು ಕಟಿಂಗ್

ಎಲ್ಲರೂ ಅವನನ್ನು ಮಲ್ಲಣ್ಣ ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಅವನಿಗೆ ಮತ್ತು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಸಲೂನಿನಲ್ಲಿ ಕತ್ತರಿಗಿಂತ ಜೋರಾಗಿ ಓಡುವ ಅವನ ನಾಲಿಗೆಯನ್ನು ನೋಡಿ ಯಾರೋ ಒಮ್ಮೆ ಮಾತಿನಮಲ್ಲ ಅಂದರು. ಬರುಬರುತ್ತಾ ಆ ಹೆಸರಿಗೂ ಕಟಿಂಗ್ ಆಗಿ ಮಲ್ಲಣ್ಣ ಉಳಿಯಿತು.

ಗಿರಾಕಿ ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದ ಕೂಡಲೇ ಮಲ್ಲಣ್ಣ “ಹೇಳಿ” ಅನ್ನುತ್ತಿದ್ದ. ಕೂದಲು ಹೇಗೆ ಕತ್ತರಿಸಲಿ ಎಂಬುದು ಅದರ ಅರ್ಥ. ಆದರೆ ಅವನು ಅನ್ನುವ ಧಾಟಿಗೆ ಜನ ಕೂದಲನ್ನು ಮರೆತು ಸೊಸೆಯ ವಿಷಯ, ಸಕ್ಕರೆ ಕಾಯಿಲೆಯ ವಿಷಯ, ಮೇಲಧಿಕಾರಿಯ ವಿಷಯ ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಅವನೂ ಸುಮ್ಮನಿರುತ್ತಿರಲಿಲ್ಲ. ಗಡ್ಡ ತೆಗೆಯುವಾಗ ಗಿರಾಕಿ ಬಾಯಿ ಮುಚ್ಚಿಕೊಂಡಿರಲೇಬೇಕಲ್ಲ, ಅಷ್ಟು ಹೊತ್ತೂ ಅವನದೇ ದರ್ಬಾರು.

ಮನೆಗೆ ಬಂದರೆ ಮಾತ್ರ ಮೂಕಬಸವ. ಸಂಜೆ ಅಂಗಡಿಯ ಶಟರ್ ಎಳೆಯುವಾಗ ನಾಲಿಗೆಯನ್ನೂ ಒಳಗಿಟ್ಟು ಬೀಗ ಹಾಕಿ ಬರುತ್ತಾನೆ ಎನ್ನುವುದು ಹೆಂಡತಿಯ ದೂರು. ಮನೆಯಲ್ಲಿ ಅವನ ಭಾಷೆಗೆ ಮೂರೇ ಪದ: ಹೂಂ, ಉಹೂಂ, ಉಪ್ಪು. ಪ್ರೀತಿ ಇರಲಿಲ್ಲ ಅಂತಲ್ಲ. ದಿನವೆಲ್ಲ ಮಾತಾಡಿ ಬಂದವನಿಗೆ ಮನೆಯೆಂದರೆ ಮಾತಾಡದೆ ಇರಬಹುದಾದ ಜಾಗ ಅನ್ನಿಸುತ್ತಿತ್ತು, ಅಷ್ಟೇ. ಅದು ಅವಳಿಗೂ ಹಾಗೇ ಅನ್ನಿಸುತ್ತದೆಯೇ ಎಂದು ಮಾತ್ರ ಈ ಮಹಾರಾಯ ಒಂದು ದಿನವೂ ಕೇಳಿರಲಿಲ್ಲ.

ಹೆಂಡತಿಯನ್ನು ಬೀದಿಯವರು ಫೋನಕ್ಕ ಅನ್ನುತ್ತಿದ್ದರು. ಹಿಂದೆ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಹೆಡ್‌ಫೋನ್, ಮುಂದೆ ತೂತುಗಳ ಹಲಗೆ, ಕೈಯಲ್ಲಿ ಪ್ಲಗ್ಗು. ಆ ಕಾಲದಲ್ಲಿ ಯಾರಿಗೆ ಯಾರೊಡನೆ ಮಾತಾಡಬೇಕಿದ್ದರೂ ಅವಳ ಕೈಯನ್ನೇ ಹಾದು ಹೋಗಬೇಕಿತ್ತು. ಆಮೇಲೆ ಯಂತ್ರಗಳು ಬಂದವು, ಹಲಗೆ ಹೋಯಿತು, ಅವಳನ್ನು ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಗೆ ಕೂರಿಸಿದರು. ಈಗ ಕೆಲಸದಿಂದ ನಿವೃತ್ತಿಯಾಗಿತ್ತು. ಕಿವಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಮೂರನೇ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ ಅವಳಿಗೆ ಕೇಳಿಸುತ್ತಿತ್ತು.

ಇಂಥವರ ಮನೆಗೆ ಒಂದು ದಿನ ಸ್ಪೋರ್ಟ್ಸ್ ಕಾರು ಬಂತು.

ಅದು ಡಾಕ್ಟರ ಕಾರು. ಡಾಕ್ಟರು ಮಲ್ಲಣ್ಣನ ಹಳೇ ಗಿರಾಕಿ. ಪ್ರಾಯದಲ್ಲಿ ಹುಚ್ಚು ಹಿಡಿದು ಕೊಂಡಿದ್ದ ಕೆಂಪು ಬಣ್ಣದ ಎರಡು ಸೀಟಿನ ಗಾಡಿ. ಸ್ವಿಚ್ ಒತ್ತಿದರೆ ಬಾನೆಟ್ಟಿನೊಳಗಿಂದ ಎರಡು ದೀಪಗಳು ಕಪ್ಪೆ ಕಣ್ಣಿನಂತೆ ಮೇಲೇಳುತ್ತಿದ್ದವು. ಗಾಡಿಗೆ ಏನೂ ಆಗಿರಲಿಲ್ಲ, ಡಾಕ್ಟರ ಮಂಡಿ ಕೈಕೊಟ್ಟಿತ್ತು. ಮಣೆಯ ಮೇಲೆ ಕೂತಷ್ಟು ತಗ್ಗಿನ ಸೀಟಿನಿಂದ ಅವರನ್ನು ಹೊರತೆಗೆಯುವುದೆಂದರೆ ಒಂದು ಹೆರಿಗೆಯೇ ಆಗುತ್ತಿತ್ತು. “ಇದನ್ನ ನೋಡಿಕೊಳ್ಳೋನಿಗೆ ಕೊಡ್ತೀನಿ, ಓಡಿಸೋನಿಗಲ್ಲ” ಎಂದು ಅವರು ಕುರ್ಚಿಯಲ್ಲಿ ಕೂತು ಹೇಳಿದ ದಿನ ಮಲ್ಲಣ್ಣನ ಕತ್ತರಿ ಗಾಳಿಯಲ್ಲೇ ನಿಂತುಹೋಯಿತು. ಅಲ್ಲಿಂದ ಗಾಡಿ ಮನೆಗೆ ಬರುವವರೆಗೆ ಆ ವಿಷಯ ಕೇಳದ ಗಿರಾಕಿ ಇರಲಿಲ್ಲ. ಎಂಜಿನ್ ಸದ್ದು ಹೇಗೆ, ಗೇರು ಎಷ್ಟು ನುಣುಪು, ಬಣ್ಣಕ್ಕೆ ಯಾವ ಪಾಲಿಶು, ಎಲ್ಲ ಆಯಿತು. ಊರಿಗೆ ಊರೇ ತಿಳಿದುಕೊಂಡಿತು.

ತಿಳಿಯದವಳು ಒಬ್ಬಳೇ. ಅವಳಿಗೆ ಹೇಳಿದ್ದು ತರಕಾರಿಯವಳು. “ಕೆಂಪು ಗಾಡಿಯಂತೆ, ಎರಡೇ ಸೀಟಂತೆ! ಈ ವಯಸ್ಸಲ್ಲಿ ಒಳ್ಳೇ ಜೋಡಿ ಬಿಡಕ್ಕ ನಿಮ್ದು,” ಎಂದು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದಳಂತೆ.

ಮಲ್ಲಣ್ಣ ಗಾಡಿಯನ್ನು ಮನೆ ಪಕ್ಕದ ತಗಡಿನ ಶೆಡ್ಡಿಗೆ ತಂದು ನಿಲ್ಲಿಸಿ, ಮದುಮಗನ ಮುಖ ಮಾಡಿಕೊಂಡು ಎಡಗಡೆಯ ಬಾಗಿಲು ತೆರೆದು ಹಿಡಿದ.

“ಎರಡೇ ಸೀಟಾ?” ಅಂದಳು ಫೋನಕ್ಕ. “ಇನ್ನೊಂದು ಯಾರಿಗೆ?”

“ನಿನಗೇ.”

“ಓಹೋ! ಕೋಳೀನ ಕೇಳಿ ಮಸಾಲೆ ಅರೀತಾರಾ ಯಾರಾದ್ರೂ? ನನ್ನ ಯಾಕೆ ಕೇಳ್ತೀರಿ!” ಹಾಗಂದವಳು ಕೂರಲಿಲ್ಲ. ತೆರೆದ ಬಾಗಿಲಿನಿಂದಲೇ ಬಗ್ಗಿ ಕೈ ಚಾಚಿ ಸ್ಟೀರಿಯೋದ ಗುಂಡಿ ತಿರುಗಿಸಿದಳು. ಗಾಡಿಯ ಜೊತೆಗೇ ಕಾರ್ಖಾನೆಯಿಂದ ಬಂದ ಸ್ಟೀರಿಯೋ ಅದು, ಕ್ಯಾಸೆಟ್ ಹಾಕುವ ಕಾಲದ್ದು. ಹಸಿರು ದೀಪ ಮಿಣುಕ್ ಅಂದಿತು, ಒಳಗೆಲ್ಲೋ ಕರ್ರ್ ಅಂದಿತು, ಆಮೇಲೆ ಗಪ್‌ಚಿಪ್. “ಇದೂ ಮಾತಾಡಲ್ಲ! ಮೊದಲು ಇದರ ಬಾಯಿ ಬಿಡಿಸಿ, ಆಮೇಲೆ ಹತ್ತುತ್ತೀನಿ. ನನಗೆ ಮನೇಲಿ ಒಂದು ಮೂಕ ಸಾಕು,” ಎಂದು ಒಳಗೆ ಹೋದಳು.

ಆ ಮಾತಿನ ಮೊನೆ ಯಾರ ಕಡೆಗಿತ್ತು ಎಂದು ಬೀದಿಯ ನಾಯಿಗೂ ತಿಳಿಯುತ್ತಿತ್ತು. ಮಲ್ಲಣ್ಣನಿಗೆ ಕೇಳಿಸಿದ್ದು ‘ಸ್ಟೀರಿಯೋ ಸರಿ ಮಾಡಿಸಿದರೆ ಹತ್ತುತ್ತಾಳೆ’ ಎಂಬುದೊಂದೇ. ಆಮೇಲಿನ ದಿನಗಳಲ್ಲಿ ಅವನು ಒಬ್ಬನೇ ಗಾಡಿ ಓಡಿಸಿದ. ಸುಖ ಹತ್ತಲಿಲ್ಲ. ಪಕ್ಕದ ಖಾಲಿ ಸೀಟು ತಿರುವಿನಲ್ಲೆಲ್ಲ ಅವನನ್ನೇ ನೋಡಿದಂತಾಗುತ್ತಿತ್ತು. ಅವಳು ಅಲ್ಲಿ ಕೂರದಿದ್ದರೆ ಗಾಡಿಯನ್ನು ಡಾಕ್ಟರಿಗೇ ವಾಪಸು ಕೊಟ್ಟುಬಿಡುವುದು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟ. ಅದನ್ನೂ ಅವಳಿಗೆ ಹೇಳಲಿಲ್ಲವೆನ್ನಿ.

ಸಲೂನಿಗೆ ವಾರದ ರಜೆ ಇದ್ದ ದಿನ ಬೆಳಿಗ್ಗೆ ಭಾವಮೈದನನ್ನು ಕರೆಸಿದ. ಹೆಂಡತಿಯ ತಮ್ಮ ಇವನು. ಕಾರುಗಳಿಗೆ ಸ್ಪೀಕರು, ಸ್ಟೀರಿಯೋ ಹಾಕುವ ಅಂಗಡಿ ಇಟ್ಟಿದ್ದ. ದೊಡ್ಡ ದೊಡ್ಡ ಸ್ಪೀಕರುಗಳ ಮುಂದೆ ನಿಂತು ಪರೀಕ್ಷೆ ಮಾಡಿ ಮಾಡಿ ಒಂದು ಕಿವಿ ಮಂದವಾಗಿತ್ತು. ಹೊಟ್ಟೆ ಮಾತ್ರ ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಿತ್ತು. ಗಾಡಿಯೊಳಗೆ ಕೂರಲು ಒಂದು ಸಲ ಪ್ರಯತ್ನಿಸಿದ. ಸ್ಟೇರಿಂಗಿಗೂ ಹೊಟ್ಟೆಗೂ ಹೊಂದಾಣಿಕೆ ಆಗಲಿಲ್ಲ. ಹೊರಗಿನಿಂದಲೇ ಬಗ್ಗಿ ನೋಡಿ ತೀರ್ಪು ಕೊಟ್ಟ.

“ಇದು ಹೋಗಿದೆ ಭಾವ. ಒಳಗೆ ಸುಟ್ಟಿದೆ. ಹೊಸದು ಹಾಕೋಣ. ದೊಡ್ಡ ಪರದೆ ಇರೋದು ತಂದಿದ್ದೀನಿ, ಸಿನಿಮಾನೂ ನೋಡಬಹುದು.”

“ಸಿನಿಮಾ ನೋಡ್ತಾ ಗೋಡೆಗೆ ಗುದ್ದಲಾ? ನನಗೆ ಗುಂಡಿ ಇರೋದು ಬೇಕು. ನಿಮ್ಮಕ್ಕ ತಿರುಗಿಸೋಕೆ.”

ಹಾಗೇನಾದರೂ ಆದೀತೆಂದು ಭಾವಮೈದ ಗುಂಡಿಯದನ್ನೂ ತಂದಿದ್ದ. ನೋಡಲು ಹಳೆಯದರ ತಮ್ಮನಂತಿತ್ತು, ಒಳಗೆಲ್ಲ ಹೊಸ ಕಾಲದ್ದು. ಆದರೆ ಹಳೆಯದನ್ನು ಹೊರಗೆಳೆಯುವ ಬಾಗಿದ ಸರಳುಗಳನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದ. ಬ್ಯಾಟರಿಯ ತಂತಿ ಬಿಚ್ಚಿಟ್ಟು, “ಹೋಗಿ ತಗೊಂಡು ಬರ್ತೀನಿ. ಅಲ್ಲೀ ತನಕ ಏನನ್ನೂ ಮುಟ್ಟಬೇಡಿ ಭಾವ,” ಅಂದ.

“ನಾನ್ಯಾಕೆ ಮುಟ್ಟಲಿ?” ಅಂದ ಮಲ್ಲಣ್ಣ.

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಮಲ್ಲಣ್ಣ ಸ್ವಲ್ಪ ಹೊತ್ತು ಕೈಕಟ್ಟಿ ನಿಂತ. ಸ್ಟೀರಿಯೋದ ಎರಡೂ ಪಕ್ಕದಲ್ಲಿ ಪುಟ್ಟ ಪುಟ್ಟ ತೂತುಗಳು. ಅದರೊಳಗೆ ಸರಳು ತೂರಿಸಿದರೆ ಕೊಕ್ಕೆ ಬಿಡುತ್ತದೆ ಎಂದು ಭಾವಮೈದನೇ ಹೇಳಿದ್ದ. ಅಂಥ ಸರಳು ಮನೆಯಲ್ಲೇ ಇದೆಯಲ್ಲ! ಮೆಲ್ಲಗೆ ಒಳಗೆ ಹೋಗಿ, ಕನ್ನಡಿಯ ಮುಂದೆ ಹೆಂಡತಿ ಇಟ್ಟಿದ್ದ ತುರುಬಿನ ದಪ್ಪ ಪಿನ್ನುಗಳನ್ನು ಜೇಬಿಗಿಳಿಸಿಕೊಂಡು ಬಂದ. ಆಚೆಗೊಂದು ಈಚೆಗೊಂದು ತೂರಿಸಿ ಎಳೆದರೆ, ಸ್ಟೀರಿಯೋ ಅಲುಗುವ ಹಲ್ಲು ಕಿತ್ತ ಹಾಗೆ ಸಲೀಸಾಗಿ ಹೊರಗೆ ಬಂತು. ಹಿಂದೆ ಕಚ್ಚಿಕೊಂಡಿದ್ದ ತಂತಿಯ ಕಟ್ಟನ್ನು ಬಿಡಿಸಿ ಅದನ್ನು ಸೀಟಿನ ಮೇಲಿಟ್ಟ. ಇಲ್ಲಿಗೆ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಆದರೆ ಆ ತಂತಿಗಳನ್ನು ಅವನು ನೋಡಿದ. ಕಪ್ಪು, ಉದ್ದ, ಧೂಳು ಹಿಡಿದು ಜಡೆಗಟ್ಟಿ ಒಂದಕ್ಕೊಂದು ಸುತ್ತಿಕೊಂಡಿದ್ದವು. ಹಿಂದೊಮ್ಮೆ ಇಲಿ ಕಡಿದಿತ್ತೆಂದು ಡಾಕ್ಟರು ಎಲ್ಲ ತಂತಿಗಳನ್ನೂ ಹೊಸದಾಗಿ ಹಾಕಿಸಿದ್ದರು. ಸಿಕ್ಕಿದ್ದು ಕಪ್ಪು ತಂತಿಯೊಂದೇ ಆದ್ದರಿಂದ ಗುರುತಿಗೆ ಪ್ರತಿಯೊಂದರ ತುದಿಗೂ ಬಿಳಿ ಪಟ್ಟಿ ಸುತ್ತಿ ಏನೋ ಬರೆದಿದ್ದರು. ಪಟ್ಟಿಗಳು ಹಳತಾಗಿ ಅಂಚು ಬಿಟ್ಟುಕೊಂಡಿದ್ದವು. ಬೇರೆಯವರು ಇದನ್ನು ತಂತಿ ಎಂದು ನೋಡುತ್ತಿದ್ದರು. ಮಲ್ಲಣ್ಣ ನೋಡಿದ್ದು ತಿಂಗಳುಗಟ್ಟಲೆ ಬಾಚದ ತಲೆಯನ್ನು. ತುದಿ ಸೀಳಿದ ಕೂದಲು ಬೇರೆ! ಅವನ ಕೈ ತುರಿಸಿತು. ಪಾಪ, ಅವನದೇನು ತಪ್ಪು, ಬದುಕೆಲ್ಲ ಆ ಕೈ ಅದೊಂದೇ ಕೆಲಸ ಮಾಡಿತ್ತು. ಅಂಗಿ ಜೇಬಿನಲ್ಲಿ ಬಾಚಣಿಗೆ ಸದಾ ಇರುತ್ತಿತ್ತು. ತೆಗೆದು ಬಾಚಿದ. ಸಿಕ್ಕು ಬಿಡಿಸಿದ. ತಂತಿಗಳನ್ನು ಬೆರಳ ಸಂದಿನಲ್ಲಿ ಎತ್ತಿ ಹಿಡಿದು, ಒಳಗಿನಿಂದ ತಂದ ಕತ್ತರಿಯಿಂದ ಎಲ್ಲವನ್ನೂ ಒಂದೇ ಸಮಕ್ಕೆ ಚೊಕ್ಕವಾಗಿ ಕತ್ತರಿಸಿದ. ಬಿಳಿ ಪಟ್ಟಿಯ ಸೀಳು ತುದಿಗಳೂ ತಂತಿಗಳನ್ನು ಸ್ಟೀರಿಯೋಗೆ ಕಚ್ಚಿಸುತ್ತಿದ್ದ ಪ್ಲಾಸ್ಟಿಕ್ ಕೊಂಡಿಯೂ ಕೆಳಗೆ ಬಿದ್ದವು. ಅವನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿ, ಉಳಿದದ್ದಕ್ಕೆ ಬ್ರಷ್ಷಿನಿಂದ ಧೂಳು ಕೊಡವಿದ. ನೀರು ಚಿಮುಕಿಸಲಿಲ್ಲ ಎಂಬುದೊಂದೇ ಪುಣ್ಯ.

ಸರಳು ಹಿಡಿದು ಬಂದ ಭಾವಮೈದ ಡ್ಯಾಶ್‌ಬೋರ್ಡಿನ ತೂತನ್ನು ನೋಡಿದ. ಮತ್ತೆ ನೋಡಿದ.

“ಭಾವ. ತಂತಿಗಳೆಲ್ಲಿ?”

“ಒಳಗಿವೆ ನೋಡು. ತುಂಬಾ ಉದ್ದ ಆಗಿದ್ವು. ಸ್ವಲ್ಪ ಟ್ರಿಮ್ ಮಾಡಿದೆ.”

“ಟ್ರಿಮ್ಮು?”

“ತುದಿ ಎಲ್ಲಾ ಸೀಳು ಬಿಟ್ಟಿತ್ತು ಕಣೋ.”

ಭಾವಮೈದ ತಲೆ ಮೇಲೆ ಕೈ ಹೊತ್ತು ಕಲ್ಲಿನ ಮೇಲೆ ಕೂತ. ವಿನಾಯಕನ ಮಾಡಲು ಹೋಗಿ ಅವರಪ್ಪನ ಮಾಡಿದಂತಾಯಿತು ಎಂದು ಮಲ್ಲಣ್ಣನಿಗೆ ಆಗ ಹೊಳೆಯಿತು. ಕಸದ ಬುಟ್ಟಿಯಿಂದ ಬಿಳಿ ಪಟ್ಟಿಗಳನ್ನು ಹೆಕ್ಕಿ ತಂದು ಅಂಗೈ ಚಾಚಿ, ಇಂಗು ತಿಂದ ಮಂಗನಂತೆ ನಿಂತ. ಅದರಿಂದಲೂ ಉಪಯೋಗವಾಗಲಿಲ್ಲ. ಯಾವ ಪಟ್ಟಿ ಯಾವ ತಂತಿಯದೋ ಹೇಳುವಂತಿರಲಿಲ್ಲ, ಮೇಲಾಗಿ ಅದು ಡಾಕ್ಟರ ಕೈಬರಹ. ಔಷಧಿ ಅಂಗಡಿಯವನೇ ಓದಬೇಕು.

“ಇನ್ನು ಆಗೋದೇ ಇಲ್ವೇನೋ?” ಮಲ್ಲಣ್ಣನ ದನಿ ಸಣ್ಣಗಾಗಿತ್ತು. ಅವನ ಕಣ್ಣಮುಂದೆ ಖಾಲಿ ಸೀಟು ಬಂದು ಹೋಯಿತು.

“ಆಗುತ್ತೆ. ಕರೆಂಟಿನ ತಂತಿಗಳನ್ನ ನಾನು ಟೆಸ್ಟಿಂಗ್ ದೀಪ ತಾಗಿಸಿ ಕಂಡುಹಿಡೀತೀನಿ. ಸ್ಪೀಕರಿನವು ಮಾತ್ರ ಕಿವೀಲೇ ಹಿಡಿಯಬೇಕು. ಒಂದು ಸಣ್ಣ ಸೆಲ್ಲು ಬೇಕು. ಸೆಲ್ಲಿನ ಎರಡು ತುದಿಗೆ ಎರಡು ತಂತಿ ತಾಗಿಸಿದ್ರೆ, ಅದು ಯಾವ ಸ್ಪೀಕರಿಗೆ ಹೋಗಿದೆಯೋ ಆ ಸ್ಪೀಕರು ಟಕ್ ಅನ್ನುತ್ತೆ. ಎರಡು ಬಾಗಿಲಲ್ಲಿ ಒಂದೊಂದು, ಎರಡು ಸೀಟಿನ ತಲೆದಿಂಬಲ್ಲಿ ಒಂದೊಂದು. ಒಬ್ಬರು ಒಳಗೆ ಕೂತು ಎಲ್ಲಿ ಟಕ್ ಅಂತು ಅಂತ ಹೇಳಿದ್ರೆ ಆಯ್ತು.”

ಸೆಲ್ಲು ಅಡುಗೆಮನೆಯ ಗೋಡೆ ಗಡಿಯಾರದಲ್ಲಿ ಸಿಕ್ಕಿತು. ಬ್ಯಾಟರಿ ತಾತ್ಕಾಲಿಕವಾಗಿ ಜೋಡಿಸಿ ಭಾವಮೈದ ಕರೆಂಟಿನ ತಂತಿಗಳನ್ನು ಪತ್ತೆ ಮಾಡಿ ಟೇಪು ಸುತ್ತಿದ, ಮತ್ತೆ ಬ್ಯಾಟರಿ ಬಿಚ್ಚಿದ. ಮಲ್ಲಣ್ಣ ಒಳಗೆ ಕೂತ. ಭಾವಮೈದ ಬಾಗಿಲಿನಿಂದ ಕೈ ತೂರಿಸಿ ಹೇಗೋ ಎರಡು ತಂತಿ ತಾಗಿಸಿದ.

ಟಕ್.

“ಎಡ,” ಅಂದ ಮಲ್ಲಣ್ಣ. ಮತ್ತೆ, “ಅಲ್ಲ, ಬಲ.” ಮತ್ತೆ, “ತಡಿ, ನನ್ನ ಎಡವೋ ಅದರ ಎಡವೋ?”

ವಿಷಯ ಏನೆಂದರೆ, ಜೀವನವಿಡೀ ಕನ್ನಡಿ ನೋಡಿಕೊಂಡು ಕೆಲಸ ಮಾಡಿದವನು ಅವನು. ಗಿರಾಕಿಯ ಎಡಗಿವಿ ಕನ್ನಡಿಯಲ್ಲಿ ಒಂದು ಕಡೆ, ಎದುರು ನಿಂತರೆ ಇನ್ನೊಂದು ಕಡೆ. ಕೈಗೆ ಗೊತ್ತಾಗುತ್ತಿತ್ತು, ಬಾಯಿಗೆ ಮಾತ್ರ ಎಡಬಲ ಎಂದೂ ಸರಿಯಾಗಿ ಬರುತ್ತಿರಲಿಲ್ಲ. ಬಾಗಿಲು ತಲೆದಿಂಬು ಎರಡೂ ಸೇರಿದ ಮೇಲಂತೂ ಗೊಂದಲವೋ ಗೊಂದಲ. ಭಾವಮೈದ ಸುತ್ತಿದ ಟೇಪನ್ನು ಬಿಚ್ಚಿದ, ಬಿಚ್ಚಿದ್ದನ್ನು ಸುತ್ತಿದ, ಕಡೆಗೆ ಸೋತ.

“ಭಾವ, ಇದು ನಿಮ್ಮ ಕೈಲಿ ಆಗಲ್ಲ. ನನಗೆ ಒಂದೇ ಕಿವಿ. ಯಾರಾದ್ರೂ ಸರಿಯಾದ ಕಿವಿ ಇರೋರು ಬೇಕು.”

ಆ ಹೊತ್ತಿಗೆ ಸರಿಯಾಗಿ ಶೆಡ್ಡಿನ ಬಾಗಿಲಲ್ಲಿ ಫೋನಕ್ಕ ಬಂದು ನಿಂತಳು. ಬಿಚ್ಚಿದ ಕೂದಲನ್ನು ಒಂದು ಕೈಯಲ್ಲಿ ಹಿಡಿದಿದ್ದಳು.

“ತುರುಬಿನ ಪಿನ್ನು ಮಾಯ. ಗಡಿಯಾರ ನಿಂತಿದೆ,” ಅಂದಳು. “ಈ ಮನೇಲಿ ಕಳ್ಳ ಸೇರಿದ್ದಾನೋ, ಮೆಕ್ಯಾನಿಕ್ಕು ಸೇರಿದ್ದಾನೋ?”

ತಮ್ಮ ಎಲ್ಲವನ್ನೂ ಒದರಿದ. ತಂತಿಗೆ ಕಟಿಂಗ್ ಆದ ಭಾಗ ಬಂದಾಗ ಅವಳು ಸೆರಗನ್ನು ಬಾಯಿಗಿಟ್ಟುಕೊಂಡಳು. ನಗು ತಡೆಯಲಾಗದೆ ತಗಡಿನ ಗೋಡೆಗೆ ಒರಗಿದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ, ಮಲ್ಲಣ್ಣನಿಗೆ ಬೈಸಿಕೊಳ್ಳಬೇಕೆಂಬುದೇ ಮರೆತುಹೋಯಿತು.

“ಸರೀರಿ ಅತ್ಲಾಗೆ,” ಎಂದು ಬಂದು ಎಡಗಡೆಯ ಸೀಟಿನಲ್ಲಿ ಕೂತಳು. “ಹತ್ತಿದೆ ಅಂತ ಬೀಗಬೇಡಿ. ನಿಂತ ಗಾಡಿ ಲೆಕ್ಕಕ್ಕಿಲ್ಲ. ಕೆಲಸಕ್ಕೆ ಕೂತಿದ್ದೀನಿ.”

ಕತ್ತರಿಸಿದ ತಂತಿಗಳು ಮೋಟಾಗಿ ಒಳಕ್ಕೆ ಜಾರಿದ್ದವು. ಕೆಳಗಿನಿಂದ ತಲೆ ತೂರಿಸಿದರೆ ಮಾತ್ರ ಸಲೀಸಾಗಿ ಕೈಗೆಟಕುತ್ತಿದ್ದವು. ಭಾವಮೈದನ ಹೊಟ್ಟೆಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಮಲ್ಲಣ್ಣ ಬಲಗಡೆಯ ಬಾಗಿಲಿನಿಂದ ಕಾಲು ಹೊರಚಾಚಿ ಮಲಗಿ, ಡ್ಯಾಶ್‌ಬೋರ್ಡಿನ ಅಡಿಯ ಕತ್ತಲೆಗೆ ತಲೆ ಕೊಟ್ಟ. ಅಲ್ಲಿಂದ ಅವಳು ಅವನಿಗೆ ಕಾಣುತ್ತಿರಲಿಲ್ಲ, ಅವನು ಅವಳಿಗೆ ಕಾಣುತ್ತಿರಲಿಲ್ಲ. ಭಾವಮೈದ ಹೊರಗೆ ಟೇಪು, ಪೆನ್ನು ಹಿಡಿದು ನಿಂತ.

ಮೇಲೆ ಫೋನಕ್ಕ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದಳು. ಮುಚ್ಚಿದ್ದು ಅವನಿಗೆ ಕಾಣಲಿಲ್ಲ, ಆದರೆ ದನಿಯಲ್ಲಿ ಗೊತ್ತಾಯಿತು.

“ಹೇಳಿ,” ಅಂದಳು.

ಮಲ್ಲಣ್ಣನ ಕೈಯಿಂದ ಸೆಲ್ಲು ಜಾರಿ ಮೂಗಿನ ಮೇಲೆ ಬಿತ್ತು.

ಆ ‘ಹೇಳಿ’ ಅವನಿಗೆ ಗೊತ್ತಿತ್ತು. ಸಲೂನಿನಲ್ಲಿ ಇನ್ನೂ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಮಾಲೀಕ ಊಟಕ್ಕೆ ಹೋದ ಕೂಡಲೇ ಅಂಗಡಿಯ ಫೋನು ಎತ್ತುತ್ತಿದ್ದ. ಆ ಕಡೆಯಿಂದ ಇದೇ ದನಿ ಬರುತ್ತಿತ್ತು: “ಹೇಳಿ.” ಯಾವ ನಂಬರು ಬೇಕೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಬಾಯಿಗೆ ಬಂದ ನಂಬರು ಹೇಳುತ್ತಿದ್ದ. ಕೆಲವು ದಿನಗಳಾದ ಮೇಲೆ ಅವನು ಉಸಿರು ಬಿಟ್ಟರೆ ಸಾಕು, “ಸಲೂನಾ? ಇವತ್ತು ಯಾವ ರಾಂಗ್ ನಂಬರ್ ಕೊಡಲಿ?” ಎಂದು ಅವಳೇ ಕೇಳುತ್ತಿದ್ದಳು. ಅವನು ಗಿರಾಕಿಗಳಿಗೆ ‘ಹೇಳಿ’ ಅನ್ನಲು ಕಲಿತದ್ದೇ ಅವಳಿಂದ. ಕಲಿತದ್ದನ್ನು ಅಂಗಡಿಯಲ್ಲಿ ಇಟ್ಟುಕೊಂಡ, ಕಲಿಸಿದವಳನ್ನು ಮನೆಯಲ್ಲಿ ಇಟ್ಟ. ಇದೆಲ್ಲ ಆ ಕತ್ತಲೆಯಲ್ಲಿ, ಮೂಗು ಉಜ್ಜಿಕೊಳ್ಳುತ್ತಾ ಅವನಿಗೆ ಒಮ್ಮೆಗೇ ತಿಳಿಯಿತು.

ಟಕ್.

“ಎಡ ಬಾಗಿಲು,” ಅಂದಳು ತಡೆಯದೆ. “ಹೇಳಿ.”

ಟಕ್.

“ನನ್ನ ತಲೆ ಹಿಂದೆ.”

“ಎಡ ಹಿಂದೆ!” ಭಾವಮೈದ ಬರೆದುಕೊಂಡು ಟೇಪು ಕೊಟ್ಟ.

“ಹೇಳಿ.”

ಟಕ್ ಬರಲಿಲ್ಲ.

“ಹೇಳಿ. ಲೈನಲ್ಲಿ ಇದ್ದೀರಾ?”

“ಇದ್ದೀನಿ,” ಅಂದ ಮಲ್ಲಣ್ಣ ಕತ್ತಲೆಯಿಂದ.

“ಯಾರು ಬೇಕಿತ್ತು?”

“ನೀನೇ.”

ಮಲ್ಲಣ್ಣ ಕೈಯಲ್ಲಿದ್ದ ತಂತಿಗಳನ್ನು ಬಿಟ್ಟ. “ಗಾಡಿ ವಿಷಯ ನಿನಗೆ ಮೊದಲೇ ಹೇಳಬೇಕಿತ್ತು ಕಣೇ. ತಪ್ಪಾಯ್ತು.”

“ಲೈನ್ ಕ್ಲಿಯರ್ ಇಲ್ಲ,” ಅಂದಳು ಫೋನಕ್ಕ. “ಇನ್ನೊಂದ್ಸಲ ಹೇಳಿ.”

“ತಪ್ಪಾಯ್ತು!”

“ಏನಂತೆ?” ಭಾವಮೈದ ಒಳ್ಳೆಯ ಕಿವಿಯನ್ನು ಒಳಕ್ಕೆ ಚಾಚಿದ. “ಬಲ ಹಿಂದೇನಾ?”

“ನಿನಗಲ್ಲ ಕಣೋ. ಇದು ಟ್ರಂಕ್ ಕಾಲು. ಮಧ್ಯೆ ಬಾಯಿ ಹಾಕಬೇಡ,” ಎಂದಳು ಅಕ್ಕ. ಕೆಳಗೆ ತಿರುಗಿ, “ಊರಿಗೆಲ್ಲ ಹೇಳಿದ್ರಲ್ಲ, ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ?” ಅಂದಳು. ಈಗ ಅದು ಎಕ್ಸ್‌ಚೇಂಜಿನ ದನಿಯಲ್ಲ, ಮನೆಯ ದನಿ.

ಮುಖ ನೋಡಿಕೊಂಡಿದ್ದರೆ ಮಲ್ಲಣ್ಣ ‘ಉಹೂಂ’ ಅಂದುಬಿಡುತ್ತಿದ್ದನೋ ಏನೋ. ಅಲ್ಲಿ ಮುಖವಿರಲಿಲ್ಲ. “ಅಭ್ಯಾಸ ಮಾಡ್ತಿದ್ದೆ,” ಅಂದ. “ನಿನಗೆ ಹೇಗೆ ಹೇಳೋದು ಅಂತ. ಈ ವಯಸ್ಸಲ್ಲಿ ಇಂಥ ಗಾಡಿ ಬೇಕಾ ಅಂತ ನೀನು ನಕ್ಕುಬಿಟ್ಟರೆ? ಅದಕ್ಕೆ ಮೊದಲು ಡಾಕ್ಟರಿಗೆ ಹೇಳಿದೆ, ಆಮೇಲೆ ಮೇಷ್ಟ್ರಿಗೆ, ಪೋಸ್ಟಿನೋರಿಗೆ. ಎಲ್ಲರ ಹತ್ರಾನೂ ಚೆನ್ನಾಗಿ ಬಂತು. ಇನ್ನೇನು ನಿನ್ನ ಹತ್ರ ಹೇಳಬೇಕು, ಅಷ್ಟರಲ್ಲಿ ತರಕಾರಿಯವಳು ಹೇಳಿಬಿಟ್ಟಳು.”

ಮೇಲಿನಿಂದ ಮೊದಲು ಒಂದು ಗೊರಕ್ ಎಂಬ ಸದ್ದು ಬಂತು. ಆಮೇಲೆ ನಗು. ಸೀಟು ಅಲುಗಿ ಸ್ಪ್ರಿಂಗುಗಳೂ ನಕ್ಕವು.

“ತಗೊಳ್ಳಿ, ಕನೆಕ್ಷನ್ ಕೊಟ್ಟಿದ್ದೀನಿ. ಮುಂದಿನ ತಂತಿ ಹೇಳಿ,” ಅಂದಳು.

ಉಳಿದದ್ದು ಹೂವೆತ್ತಿದಷ್ಟು ಸಲೀಸಾಯಿತು. ಬಲ ಬಾಗಿಲು, ಬಲ ಹಿಂದೆ. ಅವಳು ಒಂದು ಸಲವೂ ಎಡವಲಿಲ್ಲ. ಭಾವಮೈದ ತಂತಿಗಳಿಗೆ ಉದ್ದ ಕೊಟ್ಟು, ಬೆಸೆದು, ಹೊಸ ಸ್ಟೀರಿಯೋವನ್ನು ತೂತಿಗೆ ಕೂರಿಸಿ ಬ್ಯಾಟರಿ ಜೋಡಿಸಿದ. ಗುಂಡಿಗೆ ಮೂರು ಕೈ ಒಟ್ಟಿಗೆ ಹೋದವು. ತಿರುಗಿಸಿದ್ದು ಫೋನಕ್ಕ.

ಹಾಡು ಬಂತು. ಯಾವುದೋ ಹಳೆಯ ಹಾಡು, ತಬಲಾ ಬಾಗಿಲಿನಿಂದ, ಕೊಳಲು ಕಿವಿಯ ಹಿಂದಿನಿಂದ. ಮಲ್ಲಣ್ಣ ಶೆಡ್ಡಿನಲ್ಲೇ ಒಂದು ಸುತ್ತು ಕುಣಿದ, ತಗಡಿಗೆ ತಲೆ ತಾಗಿತು, ಆದರೂ ನಿಲ್ಲಿಸಲಿಲ್ಲ.

“ಸ್ವಲ್ಪ ತಡೀರಿ,” ಅಂದಳು ಫೋನಕ್ಕ. “ಬಲ ಬಾಗಿಲಿಂದು ಟೊಳ್ಳು. ಬಾವಿಯೊಳಗಿಂದ ಬಂದ ಹಾಗಿದೆ.”

ಆ ಜೋಡಿಯ ಎರಡು ತಂತಿ ಅದಲುಬದಲಾಗಿದ್ದವು. ಭಾವಮೈದ ತಿರುಗಿಸಿ ಹಾಕಿದ, ದನಿ ತುಂಬಿಕೊಂಡಿತು. “ನನ್ನ ಅಂಗಡೀಲಿ ಬಂದು ಕೂತ್ಕೋ ಅಕ್ಕ, ಬೋರ್ಡಿನ ಮೇಲೆ ನಿನ್ನ ಕಿವಿ ಚಿತ್ರ ಹಾಕಿಸ್ತೀನಿ,” ಅಂದ.

ಮಲ್ಲಣ್ಣ ಜೇಬಿನಿಂದ ಪಿನ್ನುಗಳನ್ನು ತೆಗೆದು ಕೊಟ್ಟ. ಎರಡೂ ಸೊಟ್ಟಗಾಗಿದ್ದವು. ಅವನ್ನು ಗಾಡಿಯ ಪುಟ್ಟ ಖಾನೆಗೆ ಎಸೆದು ಅವಳು ಕೂದಲು ಬಿಟ್ಟುಕೊಂಡೇ ಕೂತಳು. ಇಳಿಯುವ ಸೂಚನೆ ಕಾಣಲಿಲ್ಲ. ಮಲ್ಲಣ್ಣ ಏನು ಮಾಡುವುದೆಂದು ತಿಳಿಯದೆ ನಿಂತೇ ಇದ್ದ.

“ಏನು ಮುಖ ನೋಡ್ತಿದ್ದೀರಿ? ಗಾಡಿ ತೆಗೀರಿ,” ಅಂದಳು.

ಬೀದಿಯಲ್ಲಿ ಕೆಂಪು ಗಾಡಿ ಹಾಡುತ್ತಾ ಹೋಯಿತು. ತರಕಾರಿಯವಳು ತಕ್ಕಡಿ ಎತ್ತಿ ಹಿಡಿದವಳು ಹಾಗೇ ನಿಂತಳು. ಮಲ್ಲಣ್ಣ ಬೇಕೆಂದೇ ಹಗಲು ಹೊತ್ತಿನಲ್ಲಿ ದೀಪದ ಸ್ವಿಚ್ ಒತ್ತಿ ಗಾಡಿಯ ಕಣ್ಣು ತೆರೆಸಿದ. ಸಂತೋಷ ಎಂದರೆ ಅವನಿಗೆ ಅಂಗಿಯ ಗುಂಡಿ ಬಿಗಿಯಾಗುವಷ್ಟು ಸಂತೋಷ. ಮನೆಗಳು ಮುಗಿದು, ಎರಡೂ ಕಡೆ ಮರಗಳಿದ್ದ ನೇರ ರಸ್ತೆ ಬಂದಾಗ ಫೋನಕ್ಕ ಕೈ ಚಾಚಿ ಗುಂಡಿ ತಿರುಗಿಸಿದಳು. ಟಕ್. ಹಾಡು ನಿಂತಿತು.

ಕೆಟ್ಟಿತಾ ಎಂದು ಅವನು ಗಾಡಿಯ ವೇಗ ತಗ್ಗಿಸಿದ.

“ಕೆಟ್ಟಿಲ್ಲ, ನಾನೇ ಆರಿಸಿದೆ,” ಅಂದಳು. “ಹೇಳಿ.”

ಹೇಳಲು ಬೇಕಾದಷ್ಟಿತ್ತು. ಮೇಷ್ಟ್ರ ಮಗಳ ಮದುವೆ ಇತ್ತು, ಪೋಸ್ಟಿನವರ ವರ್ಗಾವಣೆ ಇತ್ತು. ಮಲ್ಲಣ್ಣ ಬಾಯಿ ತೆರೆದ. ತೆರೆದವನು ಪಕ್ಕಕ್ಕೆ ನೋಡಿದ. ಕೆಲಸದಲ್ಲಿದ್ದಷ್ಟು ಕಾಲವೂ ಊರಿಗೆಲ್ಲ ‘ಹೇಳಿ’ ಅಂದವಳು ಇವಳು. ಇವಳಿಗೆ ತಿರುಗಿ ‘ಹೇಳು’ ಅಂದವರು ಯಾರು? ಹೊರಗಿನವರ ಮಾತಿರಲಿ, ತಾನು ಅಂದಿದ್ದೆನೇ?

“ನೀನು ಹೇಳು,” ಅಂದ.

ಫೋನಕ್ಕ ಹಾರುತ್ತಿದ್ದ ಕೂದಲನ್ನು ಕೈಯಲ್ಲಿ ಸುತ್ತಿ ಹಿಡಿದಳು. ಮುಂದಿನ ರಸ್ತೆಯನ್ನೇ ನೋಡಿದಳು. ತಪ್ಪು ನಂಬರು ಒತ್ತಿದೆನೇನೋ ಎಂದು ಮಲ್ಲಣ್ಣ ಹೆದರಿದ. ಆಮೇಲೆ ಅವಳು ಶುರುಮಾಡಿದಳು. ಎಕ್ಸ್‌ಚೇಂಜಿನ ಹಲಗೆಯನ್ನು ಬಿಚ್ಚಿ ಲಾರಿಗೆ ಹಾಕಿದ ದಿನದಿಂದ ಶುರುಮಾಡಿದಳು. ಆ ಸಂಜೆ ಒಂದು ಪ್ಲಗ್ಗನ್ನು ಯಾರಿಗೂ ಕಾಣದಂತೆ ಚೀಲದಲ್ಲಿಟ್ಟುಕೊಂಡು ಬಂದಿದ್ದಳಂತೆ, ಅವನಿಗೆ ತೋರಿಸಬೇಕೆಂದು. ಅವನು ಹೂಂ ಅಂದು ಉಪ್ಪು ಕೇಳಿದನಂತೆ. ಅದು ಇನ್ನೂ ಬೀರುವಿನಲ್ಲಿದೆಯಂತೆ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಬಿಲ್ಲು ಕಟ್ಟುವ ಕಿಟಕಿಗೆ ಬಂದು ದಿನಾ ಜಗಳವಾಡುತ್ತಿದ್ದ ಮುದುಕಿಯ ದನಿಯನ್ನು ಅವಳು ಅಣಕಿಸಿದಾಗ ಮಲ್ಲಣ್ಣ ನಕ್ಕು ನಕ್ಕು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಬೇಕಾಯಿತು. ಹೆಂಡತಿ ಇಷ್ಟು ಚೆನ್ನಾಗಿ ಮಾತಾಡುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಅಲ್ಲ, ಗೊತ್ತಿತ್ತು, ಮರೆತಿದ್ದ.

ಮಧ್ಯಾಹ್ನದ ಬಿಸಿಲಿನಲ್ಲಿ ಅವರು ವಾಪಸು ಬಂದಾಗ ಭಾವಮೈದ ಹಳೆಯ ಸ್ಟೀರಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಗೇಟಿನ ಬಳಿ ಕಾದಿದ್ದ. ಗಾಡಿ ಹಾಡದೆ ಬಂದದ್ದನ್ನು ನೋಡಿ ಗಾಬರಿಯಿಂದ ಎದ್ದ.

“ಏನಾಯ್ತು ಭಾವ, ಎಡಗಡೆ ಕೇಳಿಸ್ತಾ ಇಲ್ವಾ?”

ಎಡಗಡೆಯ ಸೀಟಿನಲ್ಲಿ ಫೋನಕ್ಕ ಇನ್ನೂ ಏನೋ ಹೇಳುತ್ತಲೇ ಇದ್ದಳು. ಮಲ್ಲಣ್ಣ ಅವಳ ಮಾತು ಮುಗಿಯುವವರೆಗೆ ಕಾದು, ಆಮೇಲೆ ಭಾವಮೈದನ ಕಡೆ ತಿರುಗಿದ.

“ಕೇಳಿಸ್ತಿದೆ ಕಣೋ,” ಅಂದ. “ಈಗ ಚೆನ್ನಾಗಿ ಕೇಳಿಸ್ತಿದೆ.”